ಕಾಯಕ ಬದಲಿಸುವಾಗ ಮನಸ್ಸು ಗಟ್ಟಿಯಾಗುವುದು ಹೇಗೆ?



ಈ ಸಲದ ಪಾಠಕ್ಕೆ ವಿಷಯವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ. ಅದು ತಾನಾಗಿಯೇ ಸಾಸ್ತೂರಿನಲ್ಲಿ ಸಿಕ್ಕಿತು. ಶ್ರಾವಣದ ಪ್ರವಚನ ಮುಗಿದು, ಪ್ರಸಾದದ ಪಂಕ್ತಿ ಏಳುವ ಹೊತ್ತಿಗೆ ಒಕ್ಕಲುತನದ ಭಕ್ತರೊಬ್ಬರು ತಮ್ಮ ಮನೆಯವರ ಸಮೇತ ಬಂದು ಹತ್ತಿರ ಕುಳಿತರು. ವಯಸ್ಸು ಐವತ್ತರ ಸಮೀಪ. ಸ್ವಲ್ಪ ಹೊತ್ತು ಮಳೆ ಬೆಳೆಯ ಮಾತಾಡಿ ಕೊನೆಗೆ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದರು.

"ಅಣ್ಣಾರ, ಆರು ಎಕರೆ ಹೊಲ ಅದ. ಮುತ್ಯಾನ ಕಾಲದಿಂದ ಒಕ್ಕಲುತನನೇ. ಸೋಯಾಬೀನ್ ಒಂದು ವರ್ಷ ಕೈ ಹಿಡಿದ್ರ ಎರಡು ವರ್ಷ ಕೈ ಬಿಡ್ತದ. ಪುಣೆದಾಗಿನ ಮಗ ಕಂಪನಿ ಬಿಟ್ಟು ಬರ್ತೀನಿ, ಊರಾಗ ಬೇಳೆ ಗಿರಣಿ ಹಾಕೋಣು ಅಂತಾನ. ನನಗ ಮನಸ್ಸು ಗಟ್ಟಿ ಆಗವಲ್ದು. ಮೊದಲು ಧೈರ್ಯ ಬರಲಿ, ಆಮ್ಯಾಲ ನೋಡೋಣು ಅಂತ ಅನ್ಕೋತ ಮೂರು ವರ್ಷ ಆತು."

ಅವರ ಮನೆಯವರು ಸೆರಗು ಸರಿಪಡಿಸಿಕೊಂಡು ಒಂದೇ ಮಾತು ಸೇರಿಸಿದರು: "ನುಕಸಾನದ ಭಯ ಅಲ್ರಿ ಇವರಿಗೆ. ಹೊಲದವರು ತಕ್ಕಡಿ ಹಿಡಿದ್ರ ಮಂದಿ ನಗ್ತಾರ ಅಂತ ಭಯ."

ಈ ತಾಯಿಯ ಮಾತಿನಲ್ಲಿ ಹುರುಳಿದೆ. ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ಕಡೆಯ ನಮ್ಮ ಮನೆಗಳಲ್ಲಿ ಇಂದು ಇದೇ ಮಾತು ನಡೆದಿದೆ. ಒಬ್ಬರಿಗೆ ಹೊಲ ಬಿಟ್ಟು ಅಂಗಡಿ, ಇನ್ನೊಬ್ಬರಿಗೆ ಅಂಗಡಿ ಬಿಟ್ಟು ಹೈನು, ಮತ್ತೊಬ್ಬರಿಗೆ ನೌಕರಿ ಬಿಟ್ಟು ಸ್ವಂತ ಉದ್ಯೋಗ. ಬದಲಾವಣೆಯ ಹೊಸ್ತಿಲಲ್ಲಿ ನಿಂತವರೆಲ್ಲ ಮೊದಲು ಧೈರ್ಯ ಬರಲಿ ಎಂದು ಕಾಯುತ್ತಾರೆ. ಕಾಯುವ ಕ್ರಮವೇ ತಿರುವುಮುರುವಾಗಿದೆ ಎಂಬುದು ನಮ್ಮ ಅಭಿಪ್ರಾಯ. ಧೈರ್ಯವು ಕೆಲಸಕ್ಕಿಂತ ಮೊದಲು ಬರುವ ವಸ್ತುವಲ್ಲ. ಕೈ ಕೆಲಸ ಕಲಿತಂತೆ, ವಹಿಯಲ್ಲಿ ಲೆಕ್ಕ ಕೂಡಿದಂತೆ ಅದು ಹಿಂದಿನಿಂದ ಬರುತ್ತದೆ. ಇದನ್ನು ಬರೀ ಉಪದೇಶವೆಂದು ತಿಳಿಯದೆ, ಕಲ್ಯಾಣದಲ್ಲಿಯೂ ನಮ್ಮ ಸಾಸ್ತೂರಿನಲ್ಲಿಯೂ ನಡೆದುದನ್ನು ನೋಡಿ ತೂಗಬೇಕಾಗಿ ವಿನಂತಿ.

ಕಲ್ಯಾಣದ ಕಟ್ಟಿಗೆ ಹೊರೆ

ಉಮರ್ಗಾದಿಂದ ಹೈದರಾಬಾದ ದಾರಿ ಹಿಡಿದರೆ ಬಸವಕಲ್ಯಾಣ ತಾಸಿನ ಹಾದಿ. ನಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿ ಬಂದಿದ್ದೇವೆ, ಗವಿಗಳನ್ನು ನೋಡಿದ್ದೇವೆ. ಆದರೆ 12ನೆಯ ಶತಮಾನದ ಆ ಊರು ಉದ್ಯೋಗ ಬದಲಿಸಿದವರ ಊರೂ ಆಗಿತ್ತೆಂಬುದನ್ನು ಎಷ್ಟು ಮಂದಿ ನೆನೆದಿದ್ದೇವೆ? ಬಸವಣ್ಣನವರೇ ಮಂಗಳವೇಡೆಯಲ್ಲಿ ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆದವರು, ಆಮೇಲೆ ಭಂಡಾರಿಗಳಾದವರು. ಆ ಮಂಗಳವೇಡೆ ಇಂದು ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯಲ್ಲಿದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಮೋಳಿಗೆಯ ಮಾರಯ್ಯನವರದು. ಪರಂಪರೆಯ ಕಥೆಯಂತೆ ಅವರು ಕಾಶ್ಮೀರದ ಅರಸು, ಮಹಾದೇವ ಭೂಪಾಲ. ಬಸವಣ್ಣನವರ ಕೀರ್ತಿ ಕೇಳಿ ರಾಜ್ಯ ಬಿಟ್ಟು ಮಡದಿಯೊಡನೆ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರುವ ಕಾಯಕ ಹಿಡಿದರು. ನಾವು ಈ ಕಥೆಯನ್ನು ತ್ಯಾಗದ ಕಥೆಯೆಂದು ಕೇಳಿ ಕೈಮುಗಿದು ಎದ್ದುಬಿಡುತ್ತೇವೆ. ಕೆಲಸದ ಕಥೆಯೆಂದು ಒಮ್ಮೆ ಕೇಳಿ ನೋಡಿರಿ. ಅರಸನಾಗಿದ್ದವನಿಗೆ ಕೊಡಲಿ ಹಿಡಿಯುವುದು ಗೊತ್ತಿರಲಿಕ್ಕಿಲ್ಲ. ಯಾವ ಕಟ್ಟಿಗೆ ಒಲೆಯಲ್ಲಿ ನಿಂತು ಉರಿಯುತ್ತದೆ, ಯಾವುದು ಬರೀ ಹೊಗೆಯಾಡುತ್ತದೆ, ಹೊರೆ ಹೇಗೆ ಕಟ್ಟಿದರೆ ದಾರಿಯಲ್ಲಿ ಬಿಚ್ಚುವುದಿಲ್ಲ, ಎಷ್ಟು ಹೊತ್ತಿಗೆ ಪೇಟೆಗೆ ಹೋದರೆ ಗಿರಾಕಿ ಸಿಗುತ್ತಾರೆ, ಇದೆಲ್ಲವನ್ನೂ ಒಂದೊಂದಾಗಿ ಕಲಿಯಬೇಕು. ಸಿಂಹಾಸನದ ಮೇಲೆ ಇದ್ದ ಧೈರ್ಯ ಅಡವಿಯಲ್ಲಿ ಕೆಲಸಕ್ಕೆ ಬಾರದು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಗಟ್ಟಿಯಾದ ಮೇಲೆ ಬರುವ ಧೈರ್ಯ ಬೇರೆ. ಆ ಅರಸನನ್ನು ನೋಡಿಯೂ ಯಾರೋ ನಕ್ಕಿರಬೇಕಲ್ಲ! ನಕ್ಕವರ ಹೆಸರು ಉಳಿಯಲಿಲ್ಲ, ಕಟ್ಟಿಗೆ ಹೊರೆಯ ಹೆಸರು ಉಳಿಯಿತು. 'ಮೋಳಿಗೆ' ಎಂದರೆ ಆ ಹೊರೆಯೇ.

ತನ್ನ ಸರಕನ್ನು ತಾನೇ ಹೊತ್ತು ಮಾರಲು ನಾಚುವವರಿಗೆ ನುಲಿಯ ಚಂದಯ್ಯನವರ ಕಥೆಯಿದೆ. ಹಗ್ಗ ಹೊಸೆಯುವ ಕಾಯಕ ಅವರದು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿತ್ತು, ಅವರು ಕೆಲಸ ಬಿಟ್ಟು ಅದರ ಹಿಂದೆ ಹೋಗಲಿಲ್ಲ. ಕಡೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ರಾಜಿ ಮಾಡಿಸಿದರೆಂದೂ, ಲಿಂಗಕ್ಕೂ ಕಾಯಕ ತಪ್ಪಲಿಲ್ಲವೆಂದೂ, ಹಗ್ಗ ಹೊತ್ತು ಮಾರಿ ಬರಬೇಕಾಯಿತೆಂದೂ ಕಥೆ ಹೇಳುತ್ತದೆ. ಇನ್ನೂ ಒಂದು ಸ್ವಾರಸ್ಯವೆಂದರೆ, ಮಾರಿ ತಂದ ಹಣ ರೂಢಿಯ ಬೆಲೆಗಿಂತ ಹೆಚ್ಚಾಗಿದ್ದುದನ್ನು ಕಂಡು ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಲಿಂಗವೇ ತಲೆಯ ಮೇಲೆ ಸರಕು ಹೊತ್ತಿತೆಂದು ಹೇಳುವ ಧರ್ಮದಲ್ಲಿ ಹುಟ್ಟಿ, ತಕ್ಕಡಿ ಹಿಡಿದರೆ ಮಾನ ಹೋಗುತ್ತದೆಂದು ಅಂಜುವುದು ನಮಗೆ ಶೋಭಿಸುವುದೇ?

ಪತ್ರಾ ಶೆಡ್ಡಿನಲ್ಲಿ ಕಲಿತದ್ದು

ಇನ್ನು ನಮ್ಮೂರ ವಿಚಾರ. 1993ನೇ ಸೆಪ್ಟೆಂಬರ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ದಣಿದು ಮಲಗಿದ್ದಾಗ, 4 ಗಂಟೆಗೆ ಇನ್ನೂ ನಾಲ್ಕು ನಿಮಿಷವಿರುವಾಗ ನೆಲ ನಡುಗಿತು. ಕಿಲ್ಲಾರಿ, ಸಾಸ್ತೂರ ಸುತ್ತಿನ ಲಾತೂರ ಮತ್ತು ಉಸ್ಮಾನಾಬಾದ (2023ರಿಂದ ಧಾರಾಶಿವ) ಜಿಲ್ಲೆಗಳ 52 ಹಳ್ಳಿಗಳು ನೆಲಸಮವಾದವು. ಸರಕಾರದ ಲೆಕ್ಕದಲ್ಲಿಯೇ ಸುಮಾರು 8,000 ಜನ ಹೋದರು. ಕಲ್ಲು ಮತ್ತು ಹಸಿಮಣ್ಣಿನ ದಪ್ಪ ಗೋಡೆ, ಮೇಲೆ ಮೊಳಗಟ್ಟಲೆ ಮಣ್ಣು ಹೇರಿದ ಮಾಳಿಗೆ: ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಮನೆಗಳೇ ಆ ರಾತ್ರಿ ಗೋರಿಗಳಾದವು. ಅಂಗಡಿಕಾರರ ಸರಕು ಹೋಯಿತು, ಸರಕಿನೊಂದಿಗೆ ಉದ್ರಿ ಬರೆದ ವಹಿಗಳೂ ಮಣ್ಣಿನಡಿ ಹೋದವು. ಕೊಡಬೇಕಾದವರೇ ಇಲ್ಲದಾಗ ಬಾಕಿ ಕೇಳುವುದಾದರೂ ಯಾರನ್ನು?

ಆ ದುಃಖವನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಅದರ ಮುಂದಿನ ಐದು ವರ್ಷಗಳಲ್ಲಿ ನಡೆದದ್ದು ಈ ಪಾಠಕ್ಕೆ ಬೇಕು. ವಿಶ್ವ ಬ್ಯಾಂಕಿನ ನೆರವಿನಿಂದ ಪುನರ್ವಸತಿ ಕಾರ್ಯ ಪ್ರಾರಂಭವಾದಾಗ, ಪೂರ್ತಿ ಬೀಳದೆ ಬಿರುಕು ಬಿಟ್ಟ ಮನೆಗಳಿದ್ದ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ದುರಸ್ತಿಯ ಕೆಲಸವನ್ನು ಮನೆಯವರಿಂದಲೇ ಮಾಡಿಸಬೇಕೆಂದು ಗೊತ್ತಾಯಿತು. ಗೋಡೆಯ ಈ ಮೈಯಿಂದ ಆ ಮೈಗೆ ಮುಟ್ಟುವ ಉದ್ದ ಕಲ್ಲು ಏಕೆ ಬೇಕು, ಬಾಗಿಲ ಮೇಲೆ ಸುತ್ತಲೂ ಸಿಮೆಂಟಿನ ಪಟ್ಟಿ ಏಕೆ ಬೇಕು ಎಂಬುದನ್ನು ಮನೆಮನೆಗೆ ತಿಳಿಸಿ ಹೇಳುವವರು ಯಾರು? ಆ ಕೆಲಸಕ್ಕೆ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರಿಸಿದರು. 'ಸಂವಾದ ಸಹಾಯಕ' ಎಂದು ಅವರಿಗೆ ಹೆಸರು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಅವರನ್ನು ಕೂಡಿಸಿ ತಯಾರು ಮಾಡಿತು.

ಅಂದಿನ ಕಾಲವನ್ನು ನೆನಪಿಗೆ ತಂದುಕೊಳ್ಳಿರಿ. ಗ್ರಾಮಸಭೆಯಲ್ಲಿ ಹೆಣ್ಣುಮಗಳು ಎದ್ದು ನಿಂತರೆ ಗಂಡಸರು ಮುಖ ತಿರುಗಿಸುತ್ತಿದ್ದ ಕಾಲ. ಗೌಂಡಿಗೆ, ಇಂಜಿನಿಯರನಿಗೆ ಎದುರು ಮಾತಾಡುವ ಧೈರ್ಯ ಅವರಿಗೆ ಮೊದಲೇ ಇತ್ತೆಂದು ತಿಳಿಯಬಾರದು. ಒಂದು ಮನೆ ನೋಡಿದರು, ಹತ್ತು ಮನೆ ನೋಡಿದರು, ಎಷ್ಟು ಸಿಮೆಂಟಿಗೆ ಎಷ್ಟು ಉಸುಕು ಎಂಬುದು ಬಾಯಿಪಾಠವಾಯಿತು, ಆಮೇಲೆ ಮಾತು ಬಂತು. 2001ರಲ್ಲಿ ಗುಜರಾತದ ಕಛ್ ನೆಲ ನಡುಗಿದಾಗ ಇದೇ ಭಾಗದ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ, ಭಾಷೆ ಬಾರದ ಊರಿನಲ್ಲಿ, ತಮ್ಮಂಥ ಹೆಂಗಸರಿಗೆ ತಾವು ಕಲಿತದ್ದನ್ನು ಹೇಳಿಕೊಟ್ಟು ಬಂದರು. ಮುಂದೆ ಬಚತ ಗಟಗಳಾದವು, ಸಣ್ಣ ವ್ಯಾಪಾರಗಳಾದವು. ಬರಗಾಲದ ನಡುವೆ ಅರ್ಧ ಎಕರೆ, ಒಂದು ಎಕರೆ ನೆಲವನ್ನು ಮನೆಯ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟು ಕಾಳು, ಕಾಯಿಪಲ್ಯ ಬೆಳೆಯುವ ಪದ್ಧತಿಗಾಗಿ ಆ ಸಂಸ್ಥೆಗೆ 2016ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು.

ಅದೇ ಕಾಲದ ಇನ್ನೊಂದು ಮುಖವನ್ನೂ ಹೇಳದೆ ಬಿಡುವುದು ಪ್ರಾಮಾಣಿಕತೆಯಲ್ಲ. ಪರಿಹಾರದ ಹಣ ಒಮ್ಮೆಲೇ ಕೈಗೆ ಬಂದಾಗ ಕೆಲವರು ಒಂದು ದಿನವೂ ಮಾಡಿ ತಿಳಿಯದ ಉದ್ಯೋಗಕ್ಕೆ ಅದನ್ನೆಲ್ಲ ಸುರಿದರು. ಹಣ ಬೇಗ ಹೋಯಿತು. ಹಣ ಹೋದ ಮೇಲೆ ಇದ್ದಬದ್ದ ಧೈರ್ಯವೂ ಹೋಯಿತು. ಬಂಡವಾಳ ಮೊದಲು, ಕೆಲಸ ಆಮೇಲೆ ಎಂದು ಹೊರಟವರ ಹಾದಿ ಅದು. ಮೋಳಿಗೆಯ ಮಾರಯ್ಯನವರ ಮನೆಗೆ ಬಸವಣ್ಣನವರು ಗುಪ್ತವಾಗಿ ಬಂದು ಹೊನ್ನು ಇಟ್ಟುಹೋದಾಗ ಅವರು ಅದನ್ನು ತಮಗೆ ಇಟ್ಟುಕೊಳ್ಳಲಿಲ್ಲವೆಂಬ ಪ್ರಸಂಗ ಪ್ರಸಿದ್ಧವಾಗಿದೆ. ನಾವು ಸಂಸಾರಿಗಳು, ಅಷ್ಟು ಎತ್ತರಕ್ಕೆ ಏರಲಾರೆವು. ಆದರೆ ಬೆವರಿಲ್ಲದೆ ಬಂದ ಹಣ ಯಾವ ಕೆಲಸವನ್ನೂ ಕಲಿಸುವುದಿಲ್ಲ ಎಂಬಷ್ಟನ್ನಾದರೂ ತಿಳಿಯಬಹುದು.

ಗುರ್ಲಹೊಸೂರಿನ ಮಾಸ್ತರರು

ಭೂಕಂಪದ ಮಾತು ಬಿಡಿ, ಆಗ ಬೇರೆ ದಾರಿಯೇ ಇರಲಿಲ್ಲ, ತಾವಾಗಿ ನೌಕರಿ ಬಿಟ್ಟವರ ಕಥೆ ಹೇಳಿರಿ ಎಂದು ನೀವು ಕೇಳಬಹುದು. ಅಂಥವರೂ ನಮ್ಮ ಗಡಿಯಲ್ಲಿಯೇ ಆಗಿಹೋಗಿದ್ದಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರರಾಗಿದ್ದರು. ತಮಗೆ ಸಿಗಬೇಕಾದ ಬಡ್ತಿ ಮತ್ತೊಬ್ಬರಿಗೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣನ ಜೊತೆ 1888ರಲ್ಲಿ ಸುರುವಾದ ಸೈಕಲ್ ಅಂಗಡಿ ಇತ್ತು. ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು.

ನೇಗಿಲನ್ನು ಕೊಳ್ಳುವವರೇ ಇಲ್ಲ. ಕಬ್ಬಿಣ ತಗಲಿದರೆ ನೆಲಕ್ಕೆ ವಿಷವೇರುತ್ತದೆ ಎಂದು ಒಕ್ಕಲಿನವರು ನಂಬಿದ್ದರು. ಮೊದಲ ಕೆಲವು ನೇಗಿಲು ಮಾರುವುದಕ್ಕೆ ಎರಡು ವರ್ಷ ಹಿಡಿದವಂತೆ. ಆ ಎರಡು ವರ್ಷ ಮನೆ ನಡೆದದ್ದು ಹೇಗೆ? ಹಳೆಯ ಅಂಗಡಿಯನ್ನು ಮುಚ್ಚಿರಲಿಲ್ಲವಾದ್ದರಿಂದ. ಮುಂದೆ ಬೆಳಗಾವಿಯಲ್ಲಿ ಕಾರಖಾನೆಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ಅರಸರು ನೆಲವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಗದಗಿನ ಮುದ್ರಣದ ಮನೆತನದಲ್ಲಿ ಹುಟ್ಟಿದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾಗಾಣಿಕೆಯ ಉದ್ಯೋಗ ಪ್ರಾರಂಭಿಸಿದ್ದನ್ನು ನಮ್ಮ ತರುಣರು ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ, ತಪ್ಪಲ್ಲ. ಆದರೆ ಹೆಸರಾದವರ ಕಥೆ ಕೇಳುವಾಗ ಹೆಸರಾಗದವರನ್ನೂ ನೆನೆಯಬೇಕು. ಒಂದು ಲಾರಿ ಕೊಂಡು, ಕಂತು ಕಟ್ಟಲಾರದೆ ಅದನ್ನು ಮಾರಿದವರು ಪ್ರತಿ ತಾಲೂಕಿನಲ್ಲಿಯೂ ಇದ್ದಾರೆ. ಅವರು ಭಾಷಣ ಮಾಡುವುದಿಲ್ಲ, ಆದ್ದರಿಂದ ಅವರಿಂದ ಕಲಿಯುವುದು ನಮಗೆ ತಪ್ಪಿಹೋಗುತ್ತದೆ. ಉದ್ಯೋಗಕ್ಕೆ ಇಳಿಯುವ ಮುನ್ನ ಗೆದ್ದವನೊಬ್ಬನ ಹತ್ತಿರ ಹೋಗುವುದಾದರೆ ಸೋತವನೊಬ್ಬನ ಹತ್ತಿರವೂ ಕುಳಿತು ಚಹಾ ಕುಡಿದು ಬನ್ನಿರಿ.

ಎರಡು ಕಿಲೋ ಬೇಳೆಯ ಲೆಕ್ಕ

ಈಗ ಸಾಸ್ತೂರಿನ ಆ ದಂಪತಿಗಳ ಬೇಳೆ ಗಿರಣಿಗೆ ಬರೋಣ. ಅಂದು ಪಂಕ್ತಿಯ ಮೂಲೆಯಲ್ಲಿ ಕುಳಿತು ನಾವು ಮೂವರೂ ಕೂಡಿ ಹಾಕಿದ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿಯೇ ಕೊಡುತ್ತೇವೆ. ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನೀವು ನಿಮ್ಮ ಮೋಂಢಾದ ಅಂದಂದಿನ ಭಾವ ಹಾಕಿ ಮಾಡಿರಿ.

ಒಂದು ಕ್ವಿಂಟಲ್ ತೊಗರಿ, ಕ್ವಿಂಟಲಿಗೆ 7,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಒಳ್ಳೆಯ ಕೈ ಇದ್ದರೆ 70 ಕಿಲೋ ಬೇಳೆ ಇಳಿಯುತ್ತದೆ. ಬೇಳೆ ಕಿಲೋಗೆ 110 ರಂತೆ 7,700 ರೂಪಾಯಿ. ಉಳಿದ ಚುಣಿ, ಹೊಟ್ಟು ದನದ ಮೇವಿಗೆ ಹೋಗುತ್ತದೆ, ಅದರಿಂದ 500 ಬಂತೆನ್ನಿ. ಒಟ್ಟು 8,200. ಅಂದರೆ ತೊಗರಿಯ ಬೆಲೆ ಕಳೆದು 1,200 ರೂಪಾಯಿ ಉಳಿಯಿತು. ಇದು ಲಾಭವಲ್ಲ. ಇದರಲ್ಲಿ ಕರೆಂಟಿನ ಬಿಲ್ಲು, ಆಳಿನ ಕೂಲಿ, ಹಚ್ಚುವ ಎಣ್ಣೆ, ಚೀಲ, ಗಾಡಿ ಬಾಡಿಗೆ, ಯಂತ್ರದ ಸವಕಳಿ, ಬ್ಯಾಂಕಿನ ಬಡ್ಡಿ ಎಲ್ಲ ಹೋಗಬೇಕು.

ಈಗ ನೋಡಿರಿ. ಕಾಳು ಸರಿಯಾಗಿ ನೆನೆಯಲಿಲ್ಲ, ಅಥವಾ ಬಿಸಿಲು ಕಡಿಮೆ ಬಿತ್ತು, ಬೇಳೆ ಒಡೆದು ನುಚ್ಚಾಯಿತು, 70ರ ಬದಲು 68 ಕಿಲೋ ಇಳಿಯಿತು. ಎರಡು ಕಿಲೋ ಬೇಳೆಗೆ 220 ರೂಪಾಯಿ ಹೋಯಿತು. ಅದೇ ಎರಡು ಕಿಲೋ ಚುಣಿಯಾಗಿ 40 ರೂಪಾಯಿ ಮರಳಿ ಬಂದರೂ 180 ರೂಪಾಯಿ ಖೋತಾ. 1,200ರಲ್ಲಿ 180 ಎಂದರೆ ನೂರಕ್ಕೆ ಹದಿನೈದು ಪಾಲು. ಉದ್ಯೋಗ ಬಲ್ಲವನಿಗೂ ಬಲ್ಲದವನಿಗೂ ಇರುವ ಅಂತರ ಈ ಎರಡು ಕಿಲೋ. ಇದು ಯಂತ್ರ ಮಾರುವವನ ಚಿತ್ರದ ಪುಸ್ತಕದಲ್ಲಿ ಇರುವುದಿಲ್ಲ, ಕಾಳನ್ನು ಹಲ್ಲಿನಲ್ಲಿ ಕಡಿದು ಹಸಿ-ಒಣ ನೋಡುವವನ ಬಾಯಲ್ಲಿರುತ್ತದೆ.

ಈ ಮಾತು ಬಂದಾಗ ಆ ತಾಯಿ ನಕ್ಕುಬಿಟ್ಟರು. ಕೆಮ್ಮಣ್ಣು ಕಲಸಿ ಹಚ್ಚಿ, ರಾತ್ರಿಯೆಲ್ಲ ಇಟ್ಟು, ಬಿಸಿಲಿಗೆ ಹರವಿ, ಬೀಸುವ ಕಲ್ಲಿನಲ್ಲಿ ಒಡೆದು ವರ್ಷದ ಬೇಳೆ ಮಾಡಿಕೊಂಡ ಮನೆ ಅವರದು. ಅತ್ತೆಯಿಂದ ಕಲಿತ ವಿದ್ಯೆ. ಮಗ ಪುಣೆಯಲ್ಲಿ ಹುಡುಕುತ್ತಿದ್ದ ಅರಿವಿನ ಅರ್ಧ ಪಾಲು ಅಡಿಗೆಮನೆಯಲ್ಲಿಯೇ ಇತ್ತು! ಯಜಮಾನರು ಮೂರು ವರ್ಷ ಹೊರಗೆಲ್ಲ ವಿಚಾರಿಸಿದ್ದರು, ಇವರನ್ನು ಕೇಳಿರಲಿಲ್ಲ. ಐದಕ್ಕಿ ಲಕ್ಕಮ್ಮನವರನ್ನು ಪೂಜಿಸುವ ನಾವು ಮನೆಯ ಲಕ್ಕಮ್ಮನ ಹತ್ತಿರ ಲೆಕ್ಕ ಕೇಳುವುದಿಲ್ಲ.

ಯಂತ್ರ ಕೊಳ್ಳುವ ಮೊದಲು ಒಂದು ಸುಗ್ಗಿ, ಉದಗೀರದಲ್ಲೋ ಲಾತೂರಿನಲ್ಲೋ ಯಾರದಾದರೂ ಬೇಳೆ ಗಿರಣಿಯಲ್ಲಿ ಮಗ ಆಳಾಗಿ ದುಡಿಯಲಿ ಎಂದು ನಾವು ಹೇಳಿದೆವು. ಯಜಮಾನರ ಮುಖ ಸಣ್ಣದಾಯಿತು. ಓದಿದ ಹುಡುಗ ಚೀಲ ಹೊರುವುದೇ? ಅರಸನೇ ಹೊರೆ ಹೊತ್ತ ಊರು ತಾಸಿನ ದಾರಿಯಲ್ಲಿದೆ ಎಂದು ನೆನಪಿಸಬೇಕಾಯಿತು. ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆಯವರು ಹಳ್ಳಿಗೆ ಒಗ್ಗುವ ಸಣ್ಣ ಬೇಳೆ ಗಿರಣಿಯನ್ನು ರೂಪಿಸಿದ್ದಾರೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಸ್ವಉದ್ಯೋಗ ತರಬೇತಿ ಕೇಂದ್ರಗಳನ್ನು ನಡೆಸುತ್ತವೆ. ಊಟ ವಸತಿ ಸಹಿತ, ಶುಲ್ಕವಿಲ್ಲ. ಇವುಗಳ ಉಪಯೋಗ ಅವಶ್ಯ ಪಡೆಯಬೇಕು. ಆದರೆ ಚೀಲ ಹೊತ್ತು ಕಲಿಯುವುದಕ್ಕೆ ಇವು ಬದಲಿಯಲ್ಲ.

ಎರಡನೆಯ ಮಾತು, ಮೊದಲ ವರ್ಷ ತೊಗರಿ ಖರೀದಿ ಮಾಡಬಾರದು. ಊರವರು ತಮ್ಮ ತೊಗರಿ ತಂದು ಕೊಡಲಿ, ಒಡೆದುಕೊಟ್ಟು ಕಿಲೋಗೆ ಇಷ್ಟೆಂದು ಮಜೂರಿ ತೆಗೆದುಕೊಂಡರೆ ಸಾಕು. ಇದಕ್ಕೆ ಕಾರಣವಿದೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಅದನ್ನು ನೋಡಿ ಎಲ್ಲರೂ ತೊಗರಿ ಬಿತ್ತಿದರು. 2017ರ ಆರಂಭದಲ್ಲಿ ಅದೇ ತೊಗರಿ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು, ಖರೀದಿ ಕೇಂದ್ರಗಳ ಮುಂದೆ ಗಾಡಿಗಳು ದಿನಗಟ್ಟಲೆ ಸಾಲು ನಿಂತವು. ಏರಿದಾಗ ಕೊಂಡು ಗೋಡಾವನಿನಲ್ಲಿ ತುಂಬಿದವನ ಗತಿಯೇನು? ಮಜೂರಿಯವನಿಗೆ ಭಾವ ಏರಿದರೂ ಇಳಿದರೂ ಮಜೂರಿ ಅಷ್ಟೇ. ಸಣ್ಣ ಗಳಿಕೆ, ಆದರೆ ನಿದ್ದೆ ಕೆಡುವುದಿಲ್ಲ.

ಮೂರನೆಯದು ಹೊಲದ ವಿಚಾರ. ಹೊಲ ಮಾರಿ ಗಿರಣಿ ಹಾಕುವ ಮಾತನ್ನು ಮನೆಯಲ್ಲಿ ಎತ್ತಲೇಬಾರದು. ಬಿಡುವ ಪ್ರಮೇಯವೂ ಇಲ್ಲ. ಸೋಯಾಬೀನ್ ಮಿರಗದ ಮಳೆಗೆ ಬಿತ್ತಿದರೆ ದಸರೆ-ದೀಪಾವಳಿ ಹೊತ್ತಿಗೆ ರಾಶಿ ಮುಗಿಯುತ್ತದೆ. ತೊಗರಿ ಕಣಕ್ಕೆ ಬರುವುದು ಅದರ ನಂತರ, ಚಳಿಗಾಲದಲ್ಲಿ. ಮಳೆಗಾಲದಲ್ಲಿ ಕಾಳು ಒಣಗುವುದೇ ಇಲ್ಲವಾದ್ದರಿಂದ ಬಿಸಿಲು ನಂಬಿದ ಸಣ್ಣ ಗಿರಣಿ ಆಗ ಹೇಗೂ ನಿಲ್ಲುತ್ತದೆ. ಹೊಲ ಕರೆಯುವಾಗ ಗಿರಣಿ ಸುಮ್ಮನಿರುತ್ತದೆ, ಗಿರಣಿ ಕರೆಯುವಾಗ ಹೊಲ ಬಿಡುವು ಕೊಡುತ್ತದೆ. ಕಿರ್ಲೋಸ್ಕರರ ಸೈಕಲ್ ಅಂಗಡಿ ಎಂದರೆ ನಮಗೆ ಈ ಆರು ಎಕರೆಯೇ.

ಸಬ್ಸಿಡಿಯ ಬಗ್ಗೆ ಒಂದು ಎಚ್ಚರಿಕೆ. ಸಹಾಯಧನದ ಯೋಜನೆಗಳಲ್ಲಿ ಆ ಹಣ ಸಾಮಾನ್ಯವಾಗಿ ನಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿಯೇ ಮೂರು ವರ್ಷ ಠೇವಣಿಯಾಗಿದ್ದು, ಉದ್ಯೋಗ ನಡೆದದ್ದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ಮೊದಲೇ ಬಂಡವಾಳವೆಂದು ಎಣಿಸಿ ಪತಸಂಸ್ಥೆಯಲ್ಲಿ ಕೈಗಡ ಎತ್ತಿದವರು ತೊಂದರೆಗೆ ಬಿದ್ದಿದ್ದಾರೆ.

ಸಾಕು ಎಂಬ ಅಳತೆ

ಉದ್ಯೋಗ ನಡೆಯಿತು, ನಾಲ್ಕು ಕಾಸು ಕೂಡಿತು. ಆದರೂ ತೃಪ್ತಿಯಿಲ್ಲ ಎನ್ನುವವರು ನಮ್ಮ ಹತ್ತಿರ ಬರುತ್ತಾರೆ. ಲಿಂಗಸುಗೂರ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಐದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಇದನ್ನು ಬಡತನದ ಹೊಗಳಿಕೆಯೆಂದು ತಿಳಿಯುವುದು ತಪ್ಪು. ಆ ದಂಪತಿಗಳು ಅಷ್ಟರಲ್ಲಿಯೇ ದಾಸೋಹ ನಡೆಸಿದವರು. ಈ ಮನೆಗೆ, ಈ ಕೆಲಸಕ್ಕೆ, ಈ ದಾಸೋಹಕ್ಕೆ ಎಷ್ಟು ಬೇಕು ಎಂಬ ಅಳತೆ ಲಕ್ಕಮ್ಮನವರಿಗೆ ಗೊತ್ತಿತ್ತು. ಅಳತೆಯಿಲ್ಲದವನಿಗೆ ಹತ್ತು ಚೀಲ ಮಾರಿದರೂ ನೆರೆಯವನ ಹನ್ನೊಂದನೆಯ ಚೀಲವೇ ಕಾಣುತ್ತದೆ.

ಬೇಳೆ ವ್ಯಾಪಾರದಲ್ಲಿ ಈ ಅಳತೆ ತಪ್ಪಿದ ದಿನ ಏನಾಗುತ್ತದೆಂಬುದೂ ಗೊತ್ತಿರುವುದೇ. ತೊಗರಿ ಬೇಳೆಗೆ ಅಗ್ಗದ ಲಾಖ ಬೇಳೆ, ಅಂದರೆ ಕೇಸರಿ ಬೇಳೆ ಬೆರೆಸುವುದು, ಹೊಳಪಿಗೆಂದು ಹಳದಿ ಬಣ್ಣ ಹಚ್ಚುವುದು. ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಹೆಚ್ಚಾಗಿ ಉಂಡವರ ಕಾಲುಗಳು ಸೆಟೆದು ನಡೆಯಲಾರದೆ ಕುಳಿತದ್ದುಂಟು. ಬೆರೆಸಿದವನ ಅಂಗಡಿ ನಡೆಯುತ್ತಿರಬಹುದು, ಆದರೆ ಗಿರಾಕಿ ಚೀಲದಲ್ಲಿ ಕೈ ಹಾಕಿದಾಗಲೆಲ್ಲ ಅವನ ಎದೆ ಹಾರುತ್ತದೆ. ಅವನಿಗೆ ಆತ್ಮವಿಶ್ವಾಸ ಎಲ್ಲಿಂದ ಬರಬೇಕು? ಚೀಲದ ಬಾಯಿ ಬಿಚ್ಚಿಟ್ಟು, ಬೇಕಾದಲ್ಲಿ ಕೈ ಹಾಕಿ ನೋಡಿರಿ ಎನ್ನಬಲ್ಲವನಿಗೆ ಯಾರ ಉಪದೇಶವೂ ಬೇಕಿಲ್ಲ.

ಇನ್ನೊಂದು ಮಾತನ್ನು ತಡೆದು ತಡೆದು ಬರೆಯುತ್ತಿದ್ದೇವೆ. ನಮ್ಮ ಮರಾಠವಾಡದಲ್ಲಿ ಸಾಲದ ಸಂಕಟದಿಂದ ಜೀವ ಕಳೆದುಕೊಂಡವರ ಮನೆಗಳಿಗೆ ನಾವು ಹೋಗಿ ಕುಳಿತಿದ್ದೇವೆ. ಅಲ್ಲಿ ಮತ್ತೆ ಮತ್ತೆ ಕೇಳಿಬಂದದ್ದು, ಇಷ್ಟು ಸಾಲವಿತ್ತೆಂದು ನಮಗೆ ಗೊತ್ತೇ ಇರಲಿಲ್ಲ ಎಂಬ ಮಾತು. ಗಂಡ ಹೆಂಡತಿಗೆ ಹೇಳಿರಲಿಲ್ಲ, ಅಣ್ಣ ತಮ್ಮನಿಗೆ ಹೇಳಿರಲಿಲ್ಲ. ಆದ್ದರಿಂದ ಹೊಸ ಉದ್ಯೋಗಕ್ಕೆ ಇಳಿಯುವ ದಿನವೇ ಮನೆಯವರೆಲ್ಲ ಕುಳಿತು, ಇಷ್ಟು ಹಣ ಹೋದರೆ, ಇಷ್ಟು ತಿಂಗಳು ನಡೆಯದಿದ್ದರೆ ನಿಲ್ಲಿಸುತ್ತೇವೆಂದು ಒಂದು ಗೆರೆ ಎಳೆದು ಬರೆದಿಡಬೇಕು. ಆ ಗೆರೆ ಮುಟ್ಟಿದ ದಿನ ಬೀಗ ಹಾಕಿರಿ. ನಡೆಯದ ಅಂಗಡಿಗೆ ಬೀಗ ಹಾಕುವುದರಲ್ಲಿ ಮಾನಹಾನಿಯೇನೂ ಇಲ್ಲ. ಒಂದು ಕಾಯಕ ಹಿಡಿಸಲಿಲ್ಲ, ಇನ್ನೊಂದನ್ನು ನೋಡಿದರಾಯಿತು. ಬೀಗ ಹಾಕಿದವನನ್ನು ನೋಡಿ ನಗುವ ಚಟವನ್ನು ಊರವರಾದ ನಾವೂ ಬಿಡಬೇಕು, ಅದು ಕೂಡ ದಾಸೋಹವೇ. ಸಂಕಟ ಹೇಳಿಕೊಳ್ಳಲು ಮನೆಯಲ್ಲಿ ಆಗದಿದ್ದರೆ ಮಠಕ್ಕೆ ಬನ್ನಿರಿ. ಯಾವ ಹೊತ್ತಾದರೂ ಸರಿ.

ಸಾಸ್ತೂರಿನ ಯಜಮಾನರು ಏಳುವಾಗ, "ಹಂಗಾದ್ರ ಮೊದಲು ಏನು ಮಾಡಲಿ?" ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಅವರ ಮನೆಯವರು ಹೇಳಿದರು: "ಈ ಸಲದ ತೊಗರಿದಾಗ ಒಂದು ಕ್ವಿಂಟಲ್ ತಗದಿಡ್ರಿ. ಮನ್ಯಾಗ ಒಡದು ನೋಡೋಣು. ಎಷ್ಟು ಇಳೀತದೋ ನಾ ತೂಗಿ ಬರೀತೀನಿ."

ಹೊಸ ಉದ್ಯೋಗದ ವಿಚಾರದಲ್ಲಿರುವ ಭಕ್ತರು ಹೀಗೆಯೇ ಒಂದು ಸಣ್ಣ ಪ್ರಯೋಗ ಮಾಡಿ, ಖರ್ಚು ಎಷ್ಟು, ಇಳಿದದ್ದು ಎಷ್ಟು, ಯಾರು ಕೊಂಡರು, ಯಾರು ಬೇಡವೆಂದರು ಎಂಬುದನ್ನು ತಪ್ಪದೆ ವಹಿಯಲ್ಲಿ ಬರೆದು, ಮುಂದಿನ ಅಮಾವಾಸ್ಯೆಯ ಶಿವಾನುಭವಕ್ಕೆ ಬರುವಾಗ ಮನೆಯವರನ್ನೂ ಆ ವಹಿಯನ್ನೂ ಜೊತೆಗೆ ಕರೆತರಬೇಕು. ಪ್ರಸಾದವಾದ ಮೇಲೆ ಕುಳಿತು ಲೆಕ್ಕ ನೋಡೋಣ.